ಸಾಸಿವೆ ಡಬ್ಬಿ ಎಲ್ಲಿಟ್ರಿ?

ಚಿಕ್ಕಪ್ಪ ನಿವೃತ್ತರಾದ ಮೂರನೇ ವಾರಕ್ಕೆ ಅಡುಗೆಮನೆಗೆ ಕೈ ಹಾಕಿದರು. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯ ಕಡತಗಳ ನಡುವೆ ಬಾಳಿದ ಜೀವ. ಕೊನೆಯ ಎಂಟು ವರ್ಷ ಸೂಪರಿಂಟೆಂಡೆಂಟು. ಹಾಸನದ ತಮ್ಮದೇ ಮನೆಯ ಅಡುಗೆಮನೆ ಶೆಲ್ಫು ನೋಡಿ ಅವರಿಗೆ ಎಷ್ಟು ವರ್ಷದಿಂದ ಕೈ ಕಡಿಯುತ್ತಿತ್ತೋ ಏನೋ. ಚಿಕ್ಕಮ್ಮ ಯಾವುದೋ ಗೃಹಪ್ರವೇಶಕ್ಕೆಂದು ಎರಡು ದಿನ ಅರಸೀಕೆರೆಗೆ ಹೋಗಿದ್ದೇ ತಡ, ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಬಿಳಿ ಚೀಟಿ ಅಂಟಿಸಿದರು. ಕಡತದ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ: ತೊಗರಿಬೇಳೆ, ಕಡ್ಲೆಬೇಳೆ, ಮೆಂತ್ಯ, ಜೀರಿಗೆ, ಸಾಸಿವೆ.

ಚಿಕ್ಕಮ್ಮ ಊರಿಂದ ಬಂದವರು ಸಾರಿಗೆ ಒಗ್ಗರಣೆಗೆಂದು ಎಣ್ಣೆ ಕಾಯಲಿಟ್ಟು, ಎಂದಿನಂತೆ ನೋಡದೆಯೇ ಕೈ ಚಾಚಿದರು. ಸಿಕ್ಕಿದ್ದು ಮೆಂತ್ಯ. ‘ರೀ, ಸಾಸಿವೆ ಡಬ್ಬಿ ಎಲ್ಲಿಟ್ರಿ?’ ನಡುಮನೆಯಿಂದ ಉತ್ತರ ಬಂತು: ‘ಎರಡನೇ ಸಾಲು, ಎಡಗಡೆಯಿಂದ ನಾಲ್ಕನೇದು. ಬರೆದಿದೆ ನೋಡು.’ ಬರೆದದ್ದನ್ನು ಓದಲು ಕನ್ನಡಕ ಬೇಕು, ಕನ್ನಡಕ ಟೀವಿ ಪಕ್ಕದಲ್ಲಿದೆ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿತು. ಅವತ್ತಿನ ಸಾರಿಗೆ ಒಗ್ಗರಣೆ ಬೀಳಲಿಲ್ಲ. ಮಧ್ಯಾಹ್ನ ಚಿಕ್ಕಮ್ಮ ಡಬ್ಬಿಗಳನ್ನೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿ, ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದರು. ನಾನು ಹೋದಾಗ ಆ ಮನೆಯಲ್ಲಿ ಮಾತು ನಿಂತು ಎರಡು ದಿನವಾಗಿತ್ತು. ‘ನಾನು ಯಾವತ್ತಾದ್ರೂ ಇವರ ಆಫೀಸಿಗೆ ಹೋಗಿ ಫೈಲು ಜೋಡಿಸಿದ್ನೇನೋ?’ ಅಂದರು ಚಿಕ್ಕಮ್ಮ, ಅವರಿಗೆ ಕೇಳುವ ಹಾಗೆ, ನನಗೆ.

ಇದಾಗಿ ಹನ್ನೆರಡು ವರ್ಷ. ಈ ಕತೆಯನ್ನು ಎಲ್ಲಿ ಹೇಳಿದರೂ ಅರವತ್ತು ದಾಟಿದ ಹೆಂಗಸರು ಮೊದಲು ನಗುತ್ತಾರೆ, ಆಮೇಲೆ ತಮ್ಮ ಮನೆಯದನ್ನು ಹೇಳತೊಡಗುತ್ತಾರೆ. ಒಬ್ಬರ ಮನೆಯಲ್ಲಿ ನಿವೃತ್ತ ಗಂಡ ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಇನ್ನೊಬ್ಬರ ಮನೆಯಲ್ಲಿ ಕೆಲಸದವಳು ಬರುವ ಹೊತ್ತಿಗೆ ಯಜಮಾನರು ಗಡಿಯಾರ ನೋಡುತ್ತ ಬಾಗಿಲಲ್ಲಿ ಕೂತಿರುತ್ತಾರೆ. ಅವಳು ಕೆಲಸ ಬಿಟ್ಟಳು. ಅರವತ್ತಕ್ಕೆ ಗಂಡಿನ ಕೈಯಿಂದ ಕುರ್ಚಿ, ಸಹಿ, ನಮಸ್ಕಾರ ಎಲ್ಲ ಒಂದೇ ಸಂಜೆಗೆ ಹೋಗುತ್ತವೆ. ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ ಹಿಡಿದು ಮನೆಗೆ ಬರುತ್ತಾನೆ. ಬಂದ ಮನೆ ಅವನದೇ ಹೆಸರಿನಲ್ಲಿದ್ದರೂ ಹಗಲಿನ ಹೊತ್ತು ಅದು ಯಾವತ್ತೂ ಅವನದಾಗಿರಲಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಆ ಮನೆಗೆ ಬೇರೆಯದೇ ಲಯವಿತ್ತು. ಪಕ್ಕದ ಮನೆಯವರೊಂದಿಗೆ ಕಾಂಪೌಂಡಿನ ಮಾತು, ಒಂದು ಸೀರಿಯಲ್ಲು, ಅರ್ಧ ಗಂಟೆ ನಿದ್ದೆ. ಆ ನಿದ್ದೆಗೂ ಈಗ ಸಾಕ್ಷಿಯೊಬ್ಬರು ಬಂದು ಕೂತಂತೆ.

ಜಪಾನೀಯರು ಇದಕ್ಕೆ ನಿರ್ದಾಕ್ಷಿಣ್ಯವಾದ ಹೆಸರುಗಳನ್ನಿಟ್ಟಿದ್ದಾರೆ. ಅಲ್ಲಿ ನಿವೃತ್ತ ಗಂಡನಿಗೆ ‘ನುರೆ ಒಚಿಬಾ’ ಅನ್ನುತ್ತಾರೆ. ಒದ್ದೆಯಾದ ತರಗೆಲೆ ಎಂದರ್ಥ. ಎಷ್ಟು ಗುಡಿಸಿದರೂ ನೆಲ ಬಿಡದ್ದು. ಗಂಡ ದಿನವಿಡೀ ಮನೆಯಲ್ಲಿರಲು ತೊಡಗಿದ ಮೇಲೆ ಹೊಟ್ಟೆನೋವು, ರಕ್ತದೊತ್ತಡ, ನಿದ್ರಾಹೀನತೆ ಎಂದು ಬರುತ್ತಿದ್ದ ಹೆಂಗಸರನ್ನು ಗಮನಿಸಿದ ನೊಬುವೊ ಕುರೊಕಾವಾ ಎಂಬ ವೈದ್ಯರು 1990ರ ದಶಕದಲ್ಲಿ ಅದನ್ನೊಂದು ಲಕ್ಷಣಕೂಟವಾಗಿಯೇ ವಿವರಿಸಿದರು. 2007ರ ಏಪ್ರಿಲ್‌ನಿಂದ ಅಲ್ಲಿ ವಿಚ್ಛೇದನ ಪಡೆಯುವ ಹೆಂಡತಿಗೆ ದಾಂಪತ್ಯದ ಅವಧಿಯ ನೌಕರಿ ಪಿಂಚಣಿಯಲ್ಲಿ ಅರ್ಧದವರೆಗೂ ಪಾಲು ಸಿಗುವಂತೆ ಕಾನೂನು ಬಂತು. ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದು ಬೀಗುವವರಿದ್ದಾರೆ. ಆಗದಿರುವುದಕ್ಕೆ ಪ್ರೀತಿಯೇ ಕಾರಣವೆಂದು ನಂಬುವುದು ನನಗೆ ಕಷ್ಟ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಹೆಸರಿನಲ್ಲಿ ಒಂದು ಪಾಸ್‌ಬುಕ್ಕೂ ಇಲ್ಲ, ಹೋಗಿ ಇರಲು ತವರೂ ಉಳಿದಿಲ್ಲ.

ಚಿಕ್ಕಪ್ಪನ ಮಗಳು ಪುಟ್ಟಿ ಡಲ್ಲಾಸ್‌ನಲ್ಲಿದ್ದಾಳೆ. ವಾರಕ್ಕೊಮ್ಮೆ ಮನೆಗೆ ಫೋನು, ತಿಂಗಳಿಗೊಮ್ಮೆ ನನಗೆ. ‘ಅಣ್ಣಾ, ಅಪ್ಪ ಅಮ್ಮ ಬರೀ ಕಿತ್ತಾಡ್ತಿರ್ತಾರೆ. ನನಗೆ ಭಯ ಆಗತ್ತೆ’ ಅನ್ನುವುದು ಅವಳ ಖಾಯಂ ದೂರು. ಅವಳಿಗೆ ಕೇಳಿಸುವುದು ನಿಜವೇ. ‘ಮಾತ್ರೆ ತಗೊಂಡ್ರಾ?’ ‘ತಗೊಂಡೆ.’ ‘ಎಲ್ಲಿ ತಗೊಂಡ್ರಿ, ಇಲ್ಲೇ ಇದೆಯಲ್ಲ.’ ‘ಅದು ರಾತ್ರಿದು.’ ‘ಅಯ್ಯೋ, ಇವರಿಗೆ ಹೇಳೋ ಬದ್ಲು ಗೋಡೆಗೆ ಹೇಳಬಹುದು.’ ಹತ್ತು ನಿಮಿಷದ ಕರೆಯಲ್ಲಿ ಎಂಟು ನಿಮಿಷ ಹೀಗೇ. ಆದರೆ ಅವಳಿಗೆ ಕೇಳಿಸುತ್ತದೆಯೇ ಹೊರತು ಕಾಣಿಸುವುದಿಲ್ಲ. ಇದನ್ನು ಹೇಳುವಾಗ ಚಿಕ್ಕಮ್ಮ ನೀರಿನ ಲೋಟ ಹಿಡಿದು ನಿಂತಿರುತ್ತಾರೆ, ಚಿಕ್ಕಪ್ಪನ ಮೀಸೆಯಡಿ ಏನೋ ಒಂದು ಸುಳಿದಿರುತ್ತದೆ.

ಮಾತಿಗೂ ಮುಖಕ್ಕೂ ಇರುವ ಈ ಅಂತರವನ್ನು ಗಂಭೀರವಾಗಿ ತೆಗೆದುಕೊಂಡವರು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಪ್ರಯೋಗಾಲಯ ಕಟ್ಟಿದ ರಾಬರ್ಟ್ ಲೆವೆನ್‌ಸನ್ ಮತ್ತು ಅವರ ಸಂಗಡಿಗರಾದ ಲಾರಾ ಕಾರ್ಸ್‌ಟೆನ್‌ಸನ್, ಜಾನ್ ಗಾಟ್‌ಮನ್. 1989ರಲ್ಲಿ ಶುರುವಾದ ಅವರ ಅಧ್ಯಯನಕ್ಕೆ 156 ದಂಪತಿಗಳು ಸಿಕ್ಕರು. ಕೆಲವರು ನಲವತ್ತರಿಂದ ಐವತ್ತರವರು, ಉಳಿದವರು ಅರವತ್ತರಿಂದ ಎಪ್ಪತ್ತರವರು. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, ಮೈಗೆ ತಂತಿ ಅಂಟಿಸಿ, ಹದಿನೈದು ನಿಮಿಷ ನಿಮ್ಮಿಬ್ಬರ ನಡುವೆ ಬಗೆಹರಿಯದೆ ಉಳಿದ ವಿಷಯ ಮಾತಾಡಿ ಅನ್ನುವುದು. ಅದರ ವಿಡಿಯೊ ನೋಡಿ ತರಬೇತಾದವರು ಕ್ಷಣಕ್ಷಣದ ಮುಖಭಾವ, ಸ್ವರ, ಮಾತು ಮೂರನ್ನೂ ಸೇರಿಸಿ ಇದು ಕೋಪವೋ, ತಿರಸ್ಕಾರವೋ, ತಮಾಷೆಯೋ, ಅಕ್ಕರೆಯೋ ಎಂದು ಗುರುತು ಹಾಕುವುದು. ಜಗಳದ ಹೊತ್ತಿನಲ್ಲೂ ಹಿರಿಯ ಜೋಡಿಗಳಲ್ಲಿ ಕೋಪ, ಅಸಹ್ಯ ಕಡಿಮೆಯಿತ್ತು, ಅಕ್ಕರೆ ಹೆಚ್ಚಿತ್ತು. ಅವರಲ್ಲಿ 87 ಜೋಡಿಗಳನ್ನು ಹದಿಮೂರು ವರ್ಷ ಹಿಂಬಾಲಿಸಿದಾಗ ಅದೇ ಜೋಡಿಗಳಲ್ಲಿ ಟೀಕೆ, ಸಮರ್ಥನೆ ಇಳಿದು ತಮಾಷೆ ಏರಿದ್ದೂ ಕಂಡಿತು. ಇವು ಮುರಿಯದೆ ಉಳಿದ ಮದುವೆಗಳು, ಅದೂ ಅಮೆರಿಕದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಮಿಶಿಗನ್ ವಿಶ್ವವಿದ್ಯಾಲಯದ ಕಿರಾ ಬರ್ಡಿಟ್ ಅವರ ಅಧ್ಯಯನವಂತೂ ಬೇರೆಯದೇ ರಾಗ ಹಾಡಿತು. ಗೆಳೆಯರು, ಮಕ್ಕಳು, ಸಂಗಾತಿ ಈ ಮೂವರಲ್ಲಿ ಹೆಚ್ಚು ಕಿರಿಕಿರಿ ಮಾಡುವವರು ಸಂಗಾತಿಯೇ, ವರ್ಷ ಹೋದ ಹಾಗೆ ಅದು ಹೆಚ್ಚೇ ಆಗುತ್ತದೆ ಎಂದು ಜನ ಹೇಳಿಕೊಂಡರು.

ಎರಡೂ ನಿಜವೆಂದೇ ನನ್ನ ಲೆಕ್ಕ. ಕಿರಿಕಿರಿ ಏರುತ್ತದೆ, ವಿಷ ಇಳಿಯುತ್ತದೆ. ಇನ್ನು ಉಳಿದಿರುವ ದಿನ ಇಷ್ಟೇ ಎಂಬ ಅರಿವು ಬಂದಾಗ ಮನುಷ್ಯ ಹೊಸ ಪರಿಚಯಗಳನ್ನು ಕೈಬಿಟ್ಟು ಹತ್ತಿರದ ನಾಲ್ಕು ಜನರ ಕಡೆ ತಿರುಗುತ್ತಾನೆ, ಗೆಲ್ಲುವುದಕ್ಕಿಂತ ಇವತ್ತಿನ ಸಮಾಧಾನ ದೊಡ್ಡದಾಗುತ್ತದೆ ಎಂಬುದು ಕಾರ್ಸ್‌ಟೆನ್‌ಸನ್ ಅವರ ಪ್ರಸಿದ್ಧ ವಾದ. ಹತ್ತಿರದ ನಾಲ್ವರಲ್ಲಿ ಮೂವರು ಡಲ್ಲಾಸಿನಲ್ಲೋ ಬೆಂಗಳೂರಿನಲ್ಲೋ ಇದ್ದಾಗ ಎಲ್ಲ ಮಾತೂ ಉಳಿದ ಒಬ್ಬರ ತಲೆಯ ಮೇಲೇ ಬೀಳುತ್ತದೆ.

ಹಾಗಾಗಿ ಪುಟ್ಟಿಗೆ ನಾನು ಹೇಳುವುದು: ಕಿತ್ತಾಟ ಕೇಳಿಸುತ್ತಿದ್ದರೆ ನಿದ್ದೆ ಮಾಡು. ಕೇಳಿಸದಿದ್ದ ವಾರ ನನಗೆ ಫೋನು ಮಾಡು.

ನಮ್ಮ ಮನೆಗಳಲ್ಲಿ ‘ಮಾತು ಬಿಡುವುದು’ ಎಂಬುದೊಂದು ಹಳೆಯ ಪದ್ಧತಿ. ಪುಟ್ಟಿ ಚಿಕ್ಕವಳಿದ್ದಾಗ ನಾನೇ ನೋಡಿದ್ದೇನೆ. ‘ಪುಟ್ಟೀ, ನಿಮ್ಮಪ್ಪಂಗೆ ಹೇಳು, ತಟ್ಟೆ ಹಾಕಿದೀನಿ ಅಂತ.’ ‘ನಿಮ್ಮಮ್ಮಂಗೆ ಹೇಳು, ಹಸಿವಿಲ್ಲ ಅಂತ.’ ಇಬ್ಬರ ನಡುವೆ ಇದ್ದದ್ದು ಒಂದು ಮಾರು ದೂರ. ಮಗು ಎರಡು ಸಲ ಅತ್ತಿತ್ತ ಓಡಾಡಿ ಮೂರನೇ ಸಲಕ್ಕೆ ನಕ್ಕುಬಿಡುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಆ ದೂತ ಈಗ ಮನೆಯಲ್ಲಿಲ್ಲ. ಕೆಲವು ಮನೆಗಳಲ್ಲಿ ಆ ಕೆಲಸ ನಾಯಿಗೆ ಬಂದಿದೆ, ಕೆಲವು ಕಡೆ ದೇವರಿಗೆ: ‘ದೇವ್ರೇ, ಈ ಮನೇಲಿ ಫ್ಯಾನು ಆರಿಸೋರು ಯಾರೂ ಇಲ್ವಲ್ಲಪ್ಪಾ.’ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೊಸ ಜೋಡಿಗಳನ್ನು ನೋಡಿಯೇ ಯಾರೋ ಮಾಡಿರಬೇಕು. ಗೊರಕೆಗೆಂದೋ, ಮಂಡಿ ನೋವಿಗೆ ಮಂಚ ತಗ್ಗಾಯಿತೆಂದೋ ಬೇರೆ ಬೇರೆ ಕೋಣೆ ಸೇರಿದವರಿಗೆ ಮಲಗಿದ ಮೇಲೆ ರಾಜಿಯಾಗುವ ಅವಕಾಶವೆಲ್ಲಿ?

ಹಾಗೆಂದು ಎಲ್ಲ ಮೌನವೂ ಕೆಟ್ಟದ್ದಲ್ಲ. ಬೆಳಿಗ್ಗೆ ಜಗುಲಿಯಲ್ಲಿ ಒಬ್ಬರು ಮುಖಪುಟ, ಇನ್ನೊಬ್ಬರು ಒಳಪುಟ ಹಿಡಿದು ಅರ್ಧ ಗಂಟೆ ತುಟಿ ಬಿಚ್ಚದೆ ಕೂರುವ ಮೌನವಿದೆ. ಮಾತು ಬಿಟ್ಟ ಮೌನವೂ ಇದೆ. ಕಾಫಿ ಲೋಟ ಎರಡರಲ್ಲೂ ಬರುತ್ತದೆ, ಇಡುವ ಸದ್ದು ಬೇರೆ. ಗಾಟ್‌ಮನ್ ತಂಡ ಗುರುತಿಸಿದ ಒಂದು ವರ್ತನೆ ಇಲ್ಲಿ ನೆನಪಾಗುತ್ತದೆ. ಎದುರಿನವರು ಮಾತಾಡುತ್ತಿರುವಾಗ ಮುಖ ಬಿಗಿದು, ಕಣ್ಣು ತಪ್ಪಿಸಿ, ಕಲ್ಲಿನಂತೆ ಕೂರುವುದು. ಕನ್ನಡದಲ್ಲಿ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು, ಹೂಂಗುಟ್ಟದಿರುವುದು. ಕತೆ ಹೇಳುವ ಅಜ್ಜಿ ಕೂಡ ಹೂಂಗುಟ್ಟದಿದ್ದರೆ ಕತೆ ನಿಲ್ಲಿಸುತ್ತಿದ್ದಳಲ್ಲ! ಬರ್ಕ್‌ಲಿಯ ಜೋಡಿಗಳನ್ನು ಇಪ್ಪತ್ತು ವರ್ಷ ನೋಡಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದರ ಫಲ ದೇಹದಲ್ಲೇ ಕಂಡಿತು. ಜಗಳದಲ್ಲಿ ಸಿಡಿಯುತ್ತಿದ್ದ ಗಂಡಂದಿರಿಗೆ ಮುಂದೆ ಎದೆನೋವು, ರಕ್ತದೊತ್ತಡದಂಥ ಹೃದಯದ ತೊಂದರೆ ಹೆಚ್ಚು. ಕಲ್ಲಾಗಿ ಕೂರುತ್ತಿದ್ದವರಿಗೆ ಬೆನ್ನು, ಕುತ್ತಿಗೆ, ಕೀಲುಗಳ ಬಿಗಿತ ಹೆಚ್ಚು. ಹೆಂಡತಿಯರಲ್ಲೂ ಇದರ ಸುಳಿವಿತ್ತು, ಗಂಡಂದಿರಲ್ಲಿ ಢಾಳಾಗಿತ್ತು. ಬೆನ್ನು ನೋವಿನ ಎಣ್ಣೆ ಕೊಳ್ಳುವಾಗ ಅಂಗಡಿಯವನಿಗೆ ಇದನ್ನೆಲ್ಲ ಹೇಳಲಾಗುವುದಿಲ್ಲ, ಬಿಡಿ.

ಇನ್ನೊಂದು ಫಲಿತಾಂಶವನ್ನು ಓದಿ ನಾನು ಮುಖ ಸಿಂಡರಿಸಿದೆ. 2014ರಲ್ಲಿ ಬಂದದ್ದು, 82 ಜೋಡಿಗಳ ಮೇಲೆ. ಜಗಳದ ನಡುವೆ ಹೆಂಡತಿ ಬೇಗ ತಣ್ಣಗಾದರೆ ಇಬ್ಬರಿಗೂ ದಾಂಪತ್ಯದಲ್ಲಿ ನೆಮ್ಮದಿ ಹೆಚ್ಚು. ಗಂಡ ತಣ್ಣಗಾದರೆ ಅಷ್ಟೇನೂ ವ್ಯತ್ಯಾಸವಿಲ್ಲ. ಅದೇ ವರ್ಷ ಸಮಾಜಶಾಸ್ತ್ರಜ್ಞೆ ಡೆಬ್ರಾ ಕಾರ್ ಮತ್ತು ಸಂಗಡಿಗರು 394 ಹಿರಿಯ ಜೋಡಿಗಳನ್ನು ನೋಡಿ, ಹೆಂಡತಿಗೆ ಮದುವೆ ಹಿತವಾಗಿದ್ದರೆ ಗಂಡನ ಬದುಕೂ ಹಿತ, ಅವನಿಗೆ ಮದುವೆಯ ಬಗ್ಗೆ ಗೊಣಗಾಟವಿದ್ದರೂ ಸರಿ ಎಂದರು. ಗಂಡ ಕಾಯಿಲೆ ಬಿದ್ದರೆ ಹೆಂಡತಿಯ ಸಂತೋಷ ಇಳಿಯುತ್ತದೆ, ಹೆಂಡತಿ ಕಾಯಿಲೆ ಬಿದ್ದರೆ ಗಂಡನದು ಇದ್ದಲ್ಲೇ ಇರುತ್ತದೆ ಎಂಬುದೂ ಅದರಲ್ಲೇ ಇದೆ. ‘ಹೊಂದಿಕೊಂಡು ಹೋಗಮ್ಮ’ ಎಂದು ಶತಮಾನಗಳಿಂದ ಹೇಳುತ್ತ ಬಂದ ಸಮಾಜಕ್ಕೆ ಇದಕ್ಕಿಂತ ಅನುಕೂಲದ ವಿಜ್ಞಾನ ಇನ್ನೇನು ಬೇಕು?

ಆದರೆ ಆ 82 ಜೋಡಿಗಳ ಅಧ್ಯಯನವನ್ನು ಪೂರ್ತಿ ಓದಿದರೆ ಅದು ನುಂಗಿಕೊಳ್ಳುವ ಹೆಂಗಸರ ಹೊಗಳಿಕೆಯಲ್ಲ. ಅಲ್ಲಿನ ಹೆಂಗಸರು ತಣ್ಣಗಾದ ಮೇಲೆ ಅದೇ ವಿಷಯವನ್ನು ಬಿಡಿಸಿ ಮಾತಾಡಿದ್ದಾರೆ, ಹೀಗೆ ಮಾಡೋಣ, ಹಾಗೆ ಬೇಡ ಎಂದು ದಾರಿ ಹುಡುಕಿದ್ದಾರೆ. ಚಿಕ್ಕಮ್ಮನ ಕತೆಯೂ ಅಷ್ಟೆ. ಮೂರನೇ ದಿನ ಅವರು ಚಿಕ್ಕಪ್ಪನ ಮುಂದೆ ಒಂದು ಚೀಲ ಇಟ್ಟರು. ‘ಇನ್ಮೇಲೆ ತರಕಾರಿ ನಿಮ್ಮದು. ನಾನು ಕೇಳಲ್ಲ. ಡಬ್ಬಿ ನಂದು. ನೀವು ಮುಟ್ಟಬೇಡಿ.’ ಮೊದಲ ದಿನ ಚಿಕ್ಕಪ್ಪ ನಾರಾದ ಬೀನ್ಸು ತಂದರು. ಚಿಕ್ಕಮ್ಮ ಒಂದೊಂದನ್ನೇ ಮುರಿದು ಪಕ್ಕಕ್ಕಿಟ್ಟರು, ಮಾತು ಕೊಟ್ಟಿದ್ದರಿಂದ ಏನೂ ಅನ್ನಲಿಲ್ಲ. ಇವತ್ತು ಮಹಾವೀರ ವೃತ್ತದ ಆಸುಪಾಸಿನಲ್ಲಿ ಯಾವ ಗಾಡಿಯವನ ತೂಕ ಸರಿ, ಯಾರ ಸೊಪ್ಪು ಎಳೆಯದು ಎಂಬುದರಲ್ಲಿ ಚಿಕ್ಕಪ್ಪ ಸೂಪರಿಂಟೆಂಡೆಂಟು. ಬೆಳಿಗ್ಗೆ ಒಂದೂವರೆ ಗಂಟೆ ಮನೆ ಖಾಲಿ. ಆ ಒಂದೂವರೆ ಗಂಟೆಯೇ ತನ್ನ ಆರೋಗ್ಯ ಅನ್ನುತ್ತಾರೆ ಚಿಕ್ಕಮ್ಮ.

ಈ ವಯಸ್ಸಿನ ಜಗಳಗಳಲ್ಲಿ ಅರ್ಧಕ್ಕರ್ಧ ಮನಸ್ಸಿನದಲ್ಲ, ಕಿವಿಯದು. ಮೂರು ವರ್ಷದ ಹಿಂದಿನ ಮಾತು. ಮಿಕ್ಸಿ ತಿರುಗುತ್ತಿದೆ, ಚಿಕ್ಕಮ್ಮ ಅಡುಗೆಮನೆಯಿಂದ ‘ಸಕ್ರೆ ಖಾಲಿ’ ಅಂದರು. ಚಿಕ್ಕಪ್ಪನಿಗೆ ಕೇಳಿಸಿದ್ದು ‘ಅಕ್ಕ ಎಲ್ಲಿ’. ಅವರ ಅಕ್ಕನಿಗೂ ಈ ಮನೆಗೂ ಒಂದು ಸೈಟಿನ ವಿಷಯದಲ್ಲಿ ಮಾತಿಲ್ಲ. ‘ಈಗ ಅವಳ ಸುದ್ದಿ ಯಾಕೆ?’ ಎಂದು ಇವರು ಗುಡುಗಿದರು. ಸಕ್ಕರೆಯಿಂದ ಶುರುವಾದದ್ದು ಸೈಟಿನವರೆಗೆ ಹೋಗಿ, ಸಂಜೆವರೆಗೆ ನಡೆಯಿತು.

ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯ ಸದ್ದುಗಳನ್ನು. ಅ, ಆ, ಎ, ಒ ಸ್ವರಗಳು ಕೆಳಸ್ಥಾಯಿಯವು, ಬಲವಾದವು, ಅವು ಕೇಳಿಸುತ್ತವೆ. ಮಾತನ್ನು ಮಾತಾಗಿಸುವ ಸ, ಶ, ಚ, ತ, ಕ ಮುಂತಾದ ತೆಳು ಸದ್ದುಗಳು ಉದುರಿಹೋಗುತ್ತವೆ. ಅದಕ್ಕೇ ಹಿರಿಯರು ‘ನೀನು ಮಾತಾಡೋದು ಕೇಳತ್ತೆ, ಏನಂತ ಗೊತ್ತಾಗಲ್ಲ’ ಅನ್ನುವುದು. ಅದು ನೆಪವಲ್ಲ, ನಿಖರವಾದ ವೈದ್ಯಕೀಯ ವರದಿ. ಹೆಂಗಸರ ಸ್ವರ ಮೊದಲೇ ಎತ್ತರದ್ದು. ಜೊತೆಗೆ ಕುಕ್ಕರು, ಮಿಕ್ಸಿ, ಬೀದಿಯ ಹಾರನ್ನು. ಕೇಳಿಸಲಿಲ್ಲವೆಂದು ಹೆಂಡತಿ ಕೂಗುತ್ತಾಳೆ. ಕೂಗಿದಾಗ ಜೋರಾಗುವುದು ಸ್ವರವೇ ಹೊರತು ಸಕಾರವಲ್ಲ. ಸಾಲದ್ದಕ್ಕೆ ಒಳಗಿವಿ ಸವೆದವರಿಗೆ ಮೆಲ್ಲನೆಯ ಸದ್ದು ಕೇಳಿಸದಿದ್ದರೂ ಜೋರು ಸದ್ದು ಒಮ್ಮೆಗೇ ಕರ್ಕಶವಾಗಿ ಅಪ್ಪಳಿಸುತ್ತದೆ. ಆಗ ಹುಟ್ಟುವುದೇ ಆ ಜಗತ್ಪ್ರಸಿದ್ಧ ವಾಕ್ಯ: ‘ಯಾಕೆ ಕಿರುಚ್ತೀಯ, ನನಗೇನು ಕಿವುಡಾ?’ ಅವಳಿಗೆ ತಾನು ಹೇಳಿದ್ದನ್ನು ಈತ ಬೇಕೆಂದೇ ಕಿವಿಗೆ ಹಾಕಿಕೊಳ್ಳುವುದಿಲ್ಲ ಅನ್ನಿಸುತ್ತದೆ, ಅವನಿಗೆ ಇವಳು ದಿನವಿಡೀ ರೇಗುತ್ತಾಳೆ ಅನ್ನಿಸುತ್ತದೆ. ಬರಬರುತ್ತ ಸಣ್ಣ ಮಾತುಗಳು ನಿಲ್ಲುತ್ತವೆ. ‘ನೋಡ್ರೀ, ಪಾರಿಜಾತ ಹೂ ಬಿಟ್ಟಿದೆ’ ಎಂಬುದನ್ನು ಮೂರು ಸಲ ಕೂಗಿ ಹೇಳಲು ಯಾರಿಗೆ ಮನಸ್ಸು ಬರುತ್ತದೆ?

ಚಿಕ್ಕಪ್ಪನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಲು ಒಂದು ವರ್ಷ ಹಿಡಿಯಿತು. 1965ರಿಂದ ಇರುವ ಸಂಸ್ಥೆ, ಇಡೀ ದೇಶದಿಂದ ಜನ ಅಲ್ಲಿಗೆ ಬರುತ್ತಾರೆ. ಹಾಸನದಿಂದ ಮೂರು ಗಂಟೆಯ ದಾರಿಗೆ ಇವರು ವರ್ಷವಿಡೀ ನೆಪ ಹೇಳಿದರು. ಕನ್ನಡಕಕ್ಕಿಲ್ಲದ ನಾಚಿಕೆ ಕಿವಿಯ ಯಂತ್ರಕ್ಕೆ ಯಾಕೋ ತಿಳಿಯದು. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆಗುಳಿತನಕ್ಕೆ ಕಾರಣವಾಗಬಲ್ಲ ಹಾಗೂ ನಾವು ಸರಿಪಡಿಸಿಕೊಳ್ಳಬಲ್ಲ ಹದಿನಾಲ್ಕು ಅಂಶಗಳಲ್ಲಿ ಶ್ರವಣದೋಷವೂ ಇದೆ ಎಂದು ಹೇಳಿದ ಮೇಲೆ ಹೊರಟರು. ಈಗ ಯಂತ್ರ ಹಾಕಿಕೊಳ್ಳುತ್ತಾರೆ. ಚಿಕ್ಕಮ್ಮ ರೇಗಲು ಶುರು ಮಾಡಿದರೆ ತೆಗೆದು ಜೇಬಿಗೆ ಹಾಕುತ್ತಾರೆ, ಆದರೆ ಅವರಿಗೆ ಕಾಣುವ ಹಾಗೆ ತೆಗೆಯುತ್ತಾರೆ. ಬರ್ಕ್‌ಲಿಯವರು ಅದನ್ನು ತಮಾಷೆಯ ಲೆಕ್ಕಕ್ಕೆ ಹಾಕುತ್ತಿದ್ದರೋ, ಕಲ್ಲಾಗಿ ಕೂರುವ ಲೆಕ್ಕಕ್ಕೋ!

ಕೆಲವು ಸಂಗತಿಗಳನ್ನು ನಾವು ಆಡುವುದೇ ಇಲ್ಲ. ಅಮೆರಿಕದಲ್ಲಿ 57ರಿಂದ 85 ವರ್ಷದ ಮೂರು ಸಾವಿರ ಜನರನ್ನು ಕೇಳಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 65ರಿಂದ 74ರವರಲ್ಲಿ ಅರ್ಧಕ್ಕೂ ಹೆಚ್ಚು ಜನ ದೈಹಿಕ ಸಂಬಂಧ ಉಳಿಸಿಕೊಂಡಿದ್ದರು. ನಮ್ಮಲ್ಲಿ ಅದನ್ನು ಕೇಳುವವರು ಯಾರು? ಎರಡು ಬೆಡ್‌ರೂಮಿನ ಮನೆಗೆ ಮಗ ಸೊಸೆ ಬಂದ ದಿನವೇ ಅಜ್ಜಿ ಮೊಮ್ಮಗನ ಪಕ್ಕಕ್ಕೆ, ತಾತ ಹಾಲಿನ ದಿವಾನಿಗೆ. ಯಾರಿಗೂ ಅದು ಬೇರೆ ಮಾಡಿದಂತೆ ಕಾಣುವುದೇ ಇಲ್ಲ.

ಬೇರೆ ಮಾಡುವುದೆಂದರೆ ನಮಗೆ 1958ರ ‘ಸ್ಕೂಲ್ ಮಾಸ್ಟರ್’ ನೆನಪಾಗುತ್ತದೆ. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಅಭಿನಯಿಸಿದ ಆ ಮೇಷ್ಟ್ರು ದಂಪತಿಯನ್ನು ಮಕ್ಕಳು ಹಂಚಿಕೊಂಡಾಗ ಥಿಯೇಟರು ಅತ್ತಿತ್ತು. ಅಲ್ಲಿ ಮಕ್ಕಳು ನಿರ್ದಯಿಗಳು. ಈಗಿನ ಹಂಚಿಕೆ ಪ್ರೀತಿಯಿಂದಲೇ ನಡೆಯುತ್ತದೆ. ಮಗಳ ಬಾಣಂತನಕ್ಕೆ ಅಮ್ಮ ಆರು ತಿಂಗಳು ಡಲ್ಲಾಸಿಗೆ. ಚಳಿ ಆಗಲ್ಲ, ಮನೆ ನೋಡ್ಕೋಬೇಕು ಎಂದು ಅಪ್ಪ ಇಲ್ಲೇ. ಪುಟ್ಟಿಯ ಎರಡನೇ ಹೆರಿಗೆಗೆ ಹೀಗೇ ಆಯಿತು. ಚಿಕ್ಕಪ್ಪ ಮೆಸ್ಸಿನ ಊಟ ತರಿಸಿಕೊಂಡರು, ಮೊದಲ ತಿಂಗಳು ಸ್ವಾತಂತ್ರ್ಯ ಬಂತು ಎಂದರು, ಮೂರನೇ ತಿಂಗಳಿಗೆ ರಾತ್ರಿ ಎರಡಕ್ಕೆ ಎದ್ದು ಕೂರತೊಡಗಿದರು. ಅಲ್ಲಿ ಚಿಕ್ಕಮ್ಮ ಲೇಹ್ಯ ಕೆದಕುತ್ತ ಇವರ ಬಿ.ಪಿ. ಮಾತ್ರೆಯ ಲೆಕ್ಕ ಹಾಕುತ್ತಿದ್ದರು. ವಯಸ್ಸಾದ ಗಂಡಸಿನ ಬೇಸರ ಅಳುವಾಗಿ ಕಾಣುವುದು ಕಡಿಮೆ. ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು, ‘ನನ್ನಿಂದ ಯಾರಿಗೇನು’ ಎಂಬ ಮಾತು ಇವೇ ಅದರ ವೇಷ. ಎರಡು ವಾರ ಹೀಗೇ ಮುಂದುವರಿದರೆ ಡಾಕ್ಟರಿಗೆ ಹೇಳಬೇಕಾದ ಸಂಗತಿ ಅದು. ಹೋಗಲು ಸಂಕೋಚವಿದ್ದವರಿಗೆ ಟೆಲಿ ಮಾನಸ್‌ನ 14416, ಹಿರಿಯರ ಸಹಾಯವಾಣಿ 14567 ಇವೆ, ಕನ್ನಡದಲ್ಲೇ ಮಾತಾಡಬಹುದು.

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಇದ್ದರು. ಮದುವೆಯಲ್ಲಿ ಗಂಡಿಗೆ ವಯಸ್ಸು ಹೆಚ್ಚು, ಆಯಸ್ಸು ಹೆಣ್ಣಿಗೆ ಹೆಚ್ಚು. ಹಾಗಾಗಿ ಕೊನೆಗೆ ಒಂಟಿಯಾಗುವವರು ಬಹುಪಾಲು ಹೆಂಗಸರೇ. ಗಂಡಸು ಒಂಟಿಯಾದರೆ ಬೇಗ ಕುಸಿಯುತ್ತಾನೆ. ಲಂಡನ್ನಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಲೆಕ್ಕ ಇವತ್ತಿಗೂ ಎದೆ ನಡುಗಿಸುತ್ತದೆ. ಹೆಂಡತಿಯನ್ನು ಕಳೆದುಕೊಂಡ, 55 ದಾಟಿದ 4,486 ಗಂಡಸರಲ್ಲಿ ಮೊದಲ ಆರು ತಿಂಗಳ ಸಾವಿನ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇ 40ರಷ್ಟು ಹೆಚ್ಚಿತ್ತು, ಅದರಲ್ಲಿ ಹೃದಯದ ಕಾಯಿಲೆಯ ಪಾಲೇ ದೊಡ್ಡದು.

ದುಃಖವೇ ಅದಕ್ಕೆಲ್ಲ ಕಾರಣವೇ? ದುಃಖದ ಜೊತೆಗೆ ಇನ್ನೊಂದಿದೆ. ದೀರ್ಘಕಾಲ ಜೊತೆಗಿದ್ದವರು ನೆನಪನ್ನೂ ಹಂಚಿಕೊಂಡಿರುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1985ರಲ್ಲಿ ವಾದಿಸಿದರು. ಇದು ನಿನ್ನ ತಲೆಯಲ್ಲಿರಲಿ, ಅದು ನನ್ನ ತಲೆಯಲ್ಲಿರಲಿ ಎಂದು ಬಾಯಿಬಿಟ್ಟು ಹೇಳದೆಯೇ ಆಗುವ ವಿಭಾಗ. ಎಲ್‌ಐಸಿ ಕಂತು, ಕಂದಾಯದ ರಸೀದಿ, ಪಿಂಚಣಿಗೆ ವರ್ಷವರ್ಷ ಕೊಡುವ ಜೀವಿತ ಪ್ರಮಾಣಪತ್ರ ಚಿಕ್ಕಪ್ಪನ ಖಾತೆ. ಯಾರ ಮನೆಗೆ ಎಷ್ಟು ಮುಯ್ಯಿ, ಯಾವ ಮಾತ್ರೆ ಊಟಕ್ಕೆ ಮುಂಚೆ, ಚಿಕ್ಕಪ್ಪನಿಗೆ ಯಾವ ಇಂಜೆಕ್ಷನ್ ಆಗದು, ಅವರ ತಂದೆಯ ತಿಥಿ ಯಾವ ಪಕ್ಷದಲ್ಲಿ, ಇದೆಲ್ಲ ಚಿಕ್ಕಮ್ಮನದು. ಒಬ್ಬರು ಹೋದರೆ ಉಳಿದವರ ಮರೆವು ಒಂದೇ ದಿನದಲ್ಲಿ ಎರಡರಷ್ಟಾಗುತ್ತದೆ. ನಮ್ಮ ಬೀದಿಯಲ್ಲೊಬ್ಬ ಅಜ್ಜಿಗೆ ಕುಟುಂಬ ಪಿಂಚಣಿ ಬರಲು ಹನ್ನೊಂದು ತಿಂಗಳಾಯಿತು. ಕಾಗದ ಎಲ್ಲಿದೆಯೆಂದು ಗೊತ್ತಿದ್ದವರು ಹೋಗಿಬಿಟ್ಟಿದ್ದರು. ಕಡೆಗೆ ಅದು ದೇವರಮನೆಯ ಪಂಚಾಂಗದೊಳಗೆ ಸಿಕ್ಕಿತು. ಈ ಅಂಕಣ ಓದುತ್ತಿರುವ ಯಜಮಾನರು ದಯವಿಟ್ಟು ಸಂಜೆಯೇ ಹೆಂಡತಿಯನ್ನು ಕೂರಿಸಿಕೊಂಡು ಬೀರುವಿನ ಖಾನೆ ತೋರಿಸಿ. ನೀವೂ ಅನ್ನಕ್ಕೆ ನೀರೆಷ್ಟು ಎಂದು ಕೇಳಿಕೊಳ್ಳಿ.

ಹೋದ ವಾರ ಇದನ್ನು ಬರೆಯುವ ಮುಂಚೆ ಹಾಸನಕ್ಕೆ ಫೋನು ಮಾಡಿದ್ದೆ. ಅಜ್ಜಿಯನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿದ್ದು ಯಾವ ವರ್ಷ ಎಂದು ತಿಳಿಯಬೇಕಿತ್ತು. ಸ್ಪೀಕರ್ ಹಾಕಿದರು.

‘ಎಂಬತ್ನಾಲ್ಕು. ಇಂದಿರಾಗಾಂಧಿ ಹೋದ ವರ್ಷ’ ಅಂದರು ಚಿಕ್ಕಪ್ಪ.

‘ಅಲ್ಲ ರೀ. ಆಗ ಪುಟ್ಟಿ ತೊಟ್ಟಿಲಲ್ಲಿದ್ಲು. ಧರ್ಮಸ್ಥಳದಲ್ಲಿ ಅವಳು ನಡೀತಿದ್ಲು, ಆನೆ ನೋಡಿ ಓಡಿ ಬಂದು ನನ್ನ ಸೆರಗು ಹಿಡ್ಕೊಂಡ್ಲು.’

‘ಹಾಗಾದ್ರೆ ಎಂಬತ್ತೈದು. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಕೆಟ್ಟಿತ್ತು.’

‘ಕೆಟ್ಟಿದ್ದು ಘಾಟಿಯಲ್ಲಲ್ಲ, ಅದಕ್ಕೂ ಮುಂಚೆ ಕೊಟ್ಟಿಗೆಹಾರದಲ್ಲಿ. ಅದಕ್ಕೇ ಅಲ್ವಾ ನೀರುದೋಸೆ ತಿಂದಿದ್ದು.’

‘ಹೌದ್ಹೌದು. ಅಮ್ಮ ತಿನ್ನಲ್ಲ ಅಂದ್ಲು.’

‘ತಿನ್ನಲ್ಲ ಅಂದು ನಾಲ್ಕು ತಿಂದ್ರು. ನೀವು ಎಂಟು.’

‘ಆರು.’

‘ಎಂಟು. ಬಿಲ್ಲು ಕೊಟ್ಟಿದ್ದು ನಾನು. ನಿಮ್ಮ ಪರ್ಸು ಬಸ್ಸಲ್ಲಿ ಬಿಟ್ಟಿದ್ರಿ.’

‘ಪರ್ಸು ಬಿಟ್ಟಿದ್ದು ಶೃಂಗೇರಿಗೆ ಹೋದಾಗ ಕಣೇ.’

‘ಶೃಂಗೇರಿಯಲ್ಲಿ ಬಿಟ್ಟಿದ್ದು ಛತ್ರಿ.’

ನಾನು ಎರಡು ಸಲ ಹಲೋ ಅಂದೆ. ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಛತ್ರಿ ಕಪ್ಪೋ ಕಂದೋ ಎಂಬಲ್ಲಿಗೆ ಬಂದಿದ್ದರು. ಮೆಲ್ಲಗೆ ಫೋನು ಇಟ್ಟೆ.